ಹದಿನೆಂಟು ವರ್ಷ, ಹನ್ನೊಂದು ದಿನ, ಎಂಟು ಗಂಟೆ

ಓದುಗರ ಪ್ರಶ್ನೆ, ನಮ್ಮ ಉತ್ತರ: ಖಂಡಗ್ರಾಸ ಚಂದ್ರಗ್ರಹಣ

ನಮ್ಮ ಮನೆಯ ಹಳೆಯ ಪಂಚಾಂಗವೊಂದರ ಅಂಚಿನಲ್ಲಿ ‘ಗ್ರಹಣ ಮರಳುವುದು 18 ವರ್ಷ 11 ದಿನಕ್ಕೆ’ ಎಂದು ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಪರೀಕ್ಷಿಸಿ ನೋಡಿದೆ. 2003ರ ನವೆಂಬರ್ 9ಕ್ಕೆ ಚಂದ್ರಗ್ರಹಣವಿತ್ತು, 2021ರ ನವೆಂಬರ್ 19ಕ್ಕೂ ಇತ್ತು. ನಡುವೆ 18 ವರ್ಷವೇನೋ ಸರಿ, ಆದರೆ ಹತ್ತೇ ದಿನ. ಮೇಲಾಗಿ ಮೊದಲಿನದು ಖಗ್ರಾಸ, ಎರಡನೆಯದು ಖಂಡಗ್ರಾಸ. ಎರಡನೆಯದು ಮುಂಬೈಗೆ ಕಾಣಲೇ ಇಲ್ಲ. ಲೆಕ್ಕ ಎಲ್ಲಿ ತಪ್ಪಿತು?
— ಓದುಗರು, ಡೊಂಬಿವಲಿ

ಲೆಕ್ಕ ತಪ್ಪಿಲ್ಲ. ಪೆನ್ಸಿಲಿನಲ್ಲಿ ಬರೆದವರು ಕೊನೆಯ ತುಂಡನ್ನು ಬಿಟ್ಟಿದ್ದಾರೆ, ಅಷ್ಟೇ. ಪೂರ್ತಿ ಅವಧಿ 6585 ದಿನ ಮತ್ತು ಸುಮಾರು 7 ಗಂಟೆ 43 ನಿಮಿಷ. ಬಾಯಿಲೆಕ್ಕಕ್ಕೆ ಎಂಟು ಗಂಟೆ ಎನ್ನುತ್ತಾರೆ. ಇದಕ್ಕೆ ಸಾರೋಸ್ ಎಂದು ಹೆಸರು. ಆವರ್ತವನ್ನು ಬ್ಯಾಬಿಲೋನಿನ ಜ್ಯೋತಿರ್ವಿದರು ಬಲ್ಲವರಾಗಿದ್ದರು, ಹೆಸರನ್ನು ಅಂಟಿಸಿದ್ದು 1691ರಲ್ಲಿ ಎಡ್ಮಂಡ್ ಹ್ಯಾಲಿ.

ಮೊದಲು ಹತ್ತೋ ಹನ್ನೊಂದೋ ಎಂಬುದನ್ನು ನೋಡೋಣ. ಹದಿನೆಂಟು ವರ್ಷದಲ್ಲಿ ಫೆಬ್ರವರಿ 29 ಎಷ್ಟು ಸಲ ಬಂತು ಎಂಬುದರ ಮೇಲೆ ಇದು ನಿಂತಿದೆ. ನಾಲ್ಕು ಸಲ ಬಂದರೆ 18 ವರ್ಷಕ್ಕೆ 6574 ದಿನ, ಉಳಿಯುವುದು 11. ಐದು ಸಲ ಬಂದರೆ 6575 ದಿನ, ಉಳಿಯುವುದು 10. 2003ರ ನವೆಂಬರಿನಿಂದ 2021ರ ನವೆಂಬರಿನವರೆಗೆ 2004, 2008, 2012, 2016, 2020 ಎಂದು ಐದು ಅಧಿಕ ವರ್ಷಗಳು ಬಂದವು. ಆದ್ದರಿಂದ ಹತ್ತು ದಿನ. ಮುಂದಿನ ಸುತ್ತಿನಲ್ಲಿ 2024, 2028, 2032, 2036 ಎಂದು ನಾಲ್ಕೇ. ಆದ್ದರಿಂದ 2021ರ ಗ್ರಹಣ ಮರಳುವುದು 2039ರ ನವೆಂಬರ್ 30ಕ್ಕೆ, ಸರಿಯಾಗಿ ಹನ್ನೊಂದು ದಿನ ಮುಂದೆ.

ಇನ್ನು ಕಾಣದೇ ಹೋದದ್ದು. ಇದಕ್ಕೆ ಆ ಎಂಟು ಗಂಟೆಯೇ ಕಾರಣ. ಎಂಟು ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತದೆ. ಈ ಮೂರು ಗ್ರಹಣಗಳ ಮಧ್ಯಕಾಲವನ್ನು ನಮ್ಮ ಗಡಿಯಾರದಲ್ಲಿ ಸಾಲಾಗಿ ಇಟ್ಟು ನೋಡಿ: 2003ರಲ್ಲಿ ಬೆಳಿಗ್ಗೆ 6:48, 2021ರಲ್ಲಿ ಮಧ್ಯಾಹ್ನ 2:33, 2039ರಲ್ಲಿ ರಾತ್ರಿ 10:25. ಮೊದಲನೆಯದು ಮುಂಬೈಯಲ್ಲಿ ಚಂದ್ರ ಮುಳುಗುವ ಹೊತ್ತಿಗೆ ಸಿಕ್ಕಿಬಿತ್ತು. ಎರಡನೆಯದರ ಮೋಕ್ಷ, ಅಂದರೆ ಗ್ರಹಣ ಬಿಡುವುದು, ಸಂಜೆ 4:17ಕ್ಕೇ ಆಗಿಹೋಯಿತು, ಚಂದ್ರ ಇನ್ನೂ ಹುಟ್ಟಿರಲಿಲ್ಲ. ಮೂರನೆಯದು ನೆತ್ತಿಯ ಕಡೆ ಏರಿದ ಚಂದ್ರನಿಗೆ ಹಿಡಿಯುತ್ತದೆ, ಅದೂ ಮಳೆಗಾಲ ಕಳೆದ ಆಕಾಶದಲ್ಲಿ. ಗ್ರಹಣ ಮರಳಿ ಬಂದರೂ ಅದೇ ಊರಿನ ಮೇಲೆ ಬರಬೇಕೆಂದಿಲ್ಲ. ಅದೇ ಊರಿನ ಹತ್ತಿರ ಹತ್ತಿರದ ಹೊತ್ತಿಗೆ ಬರಬೇಕಾದರೆ ಮೂರು ಸಾರೋಸ್, ಅಂದರೆ 54 ವರ್ಷ ಮತ್ತು ಸುಮಾರು 33 ದಿನ ಕಾಯಬೇಕು.

ಖಗ್ರಾಸವಿದ್ದದ್ದು ಖಂಡಗ್ರಾಸವಾದದ್ದೇಕೆ? ಈ ವಿಷಯದ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆ. ಎರಡೂ ಒಂದನ್ನೊಂದು ದಾಟುವ ಬಿಂದುಗಳನ್ನು ಪಾತಗಳೆನ್ನುತ್ತಾರೆ, ನಮ್ಮ ಪಂಚಾಂಗದ ರಾಹು ಕೇತುಗಳು ಇವೇ. ಹುಣ್ಣಿಮೆಯ ಹೊತ್ತಿಗೆ ಚಂದ್ರ ಪಾತದ ಹತ್ತಿರವಿದ್ದರೆ ಮಾತ್ರ ಗ್ರಹಣ, ಇಲ್ಲವಾದರೆ ಭೂಮಿಯ ನೆರಳಿನ ಮೇಲಿಂದಲೋ ಕೆಳಗಿಂದಲೋ ಜಾರಿಹೋಗುತ್ತಾನೆ. ಹೀಗಾಗಿ ಗ್ರಹಣ ಮರಳಬೇಕಾದರೆ ಎರಡು ಲೆಕ್ಕ ಒಟ್ಟಿಗೆ ಕೂಡಬೇಕು. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5306 ದಿನ. ಪಾತದಿಂದ ಹೊರಟು ಅದೇ ಪಾತಕ್ಕೆ ಬರಲು 27.2122 ದಿನ. ಮೊದಲನೆಯದರ 223 ಪಟ್ಟು 6585.32 ದಿನ, ಎರಡನೆಯದರ 242 ಪಟ್ಟು 6585.36 ದಿನ. ಇದರ ಜೊತೆಗೆ ಚಂದ್ರ ಭೂಮಿಗೆ ಅತಿ ಹತ್ತಿರ ಬಂದು ಮತ್ತೆ ಅತಿ ಹತ್ತಿರ ಬರುವ 27.5546 ದಿನದ ಸುತ್ತೂ 239 ಪಟ್ಟಿಗೆ 6585.54 ದಿನವಾಗುತ್ತದೆ. ಮೂರೂ ಇಷ್ಟು ಹತ್ತಿರ ಕೂಡುವುದರಿಂದಲೇ ಮರಳಿ ಬಂದ ಗ್ರಹಣಕ್ಕೆ ಹಳೆಯದರ ಮುಖಚಹರೆ ಇರುತ್ತದೆ: ಹೆಚ್ಚುಕಡಿಮೆ ಅದೇ ಋತು, ಚಂದ್ರನ ಅದೇ ದೂರ, ಅದೇ ನಿಧಾನ ಅಥವಾ ಅದೇ ವೇಗ.

ಆದರೆ 6585.32ಕ್ಕೂ 6585.36ಕ್ಕೂ ನಡುವೆ ಇರುವ ವ್ಯತ್ಯಾಸವನ್ನು ಗಮನಿಸಿ. ಐವತ್ತು ನಿಮಿಷಕ್ಕಿಂತ ತುಸು ಹೆಚ್ಚು. ಅಷ್ಟರಿಂದಾಗಿ ಪ್ರತಿ ಸುತ್ತಿಗೂ ಚಂದ್ರ ಪಾತಕ್ಕೆ ಹೋಲಿಸಿದರೆ ಸುಮಾರು ಅರ್ಧ ಡಿಗ್ರಿ ಸರಿದಿರುತ್ತಾನೆ, ನೆರಳಿನ ಮೂಲಕ ಹಾಯುವ ಗೆರೆ ಒಂದಿಷ್ಟು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಹೀಗಾಗಿ ಒಂದೊಂದು ಸಾರೋಸ್ ಸರಣಿಗೂ ಹುಟ್ಟು, ನಡುವಯಸ್ಸು, ಕೊನೆ ಇವೆ. ಮೊದಲು ದಟ್ಟ ನೆರಳಿನ ಸುತ್ತಲಿನ ಮಂಕು ನೆರಳು ಮಾತ್ರ ತಾಗುವ ಅರೆನೆರಳಿನ ಗ್ರಹಣಗಳು, ಆಮೇಲೆ ಅಂಚು ಕಚ್ಚುವ ಖಂಡಗ್ರಾಸಗಳು, ನಡುವೆ ಖಗ್ರಾಸಗಳು, ಮತ್ತೆ ಖಂಡಗ್ರಾಸ, ಕೊನೆಗೆ ಅರೆನೆರಳು. ಎಲ್ಲ ಸೇರಿ ಎಪ್ಪತ್ತು ಎಂಬತ್ತು ಗ್ರಹಣ, ಸಾವಿರದ ಇನ್ನೂರರಿಂದ ಒಂದೂವರೆ ಸಾವಿರ ವರ್ಷ. ನೀವು ಹಿಡಿದದ್ದು 126ನೇ ಸರಣಿ. ಅದರ ಖಗ್ರಾಸಗಳ ಸಾಲು 2003ಕ್ಕೆ ಮುಗಿಯಿತು, ಅಂದು ಪೂರ್ತಿ ಮುಳುಗಿದ್ದು ಇಪ್ಪತ್ತೆರಡು ನಿಮಿಷ ಮಾತ್ರ. ಗ್ರಾಸಮಾನ, ಅಂದರೆ ಚಂದ್ರನ ವ್ಯಾಸದಲ್ಲಿ ದಟ್ಟ ನೆರಳಿಗೆ ಸಿಕ್ಕುವ ಪಾಲು, 2021ರಲ್ಲಿ 0.97, 2039ರಲ್ಲಿ 0.94. ಇನ್ನು ಸುತ್ತು ಸುತ್ತಿಗೂ ಕಚ್ಚು ಚಿಕ್ಕದಾಗುತ್ತ ಹೋಗುತ್ತದೆ.

ಎದುರು ದಿಕ್ಕಿಗೆ ಹೋಗುವ ಸರಣಿಗಳೂ ಇವೆ. 138ನೇ ಸರಣಿಯಲ್ಲಿ 2008ಕ್ಕೆ 0.81, 2026ಕ್ಕೆ 0.93, 2044ಕ್ಕೆ ಖಗ್ರಾಸವೇ ಆಗುತ್ತದೆ. 118ನೆಯದು ಮುದಿಯಾಗಿದೆ: 2006ರ ಸೆಪ್ಟೆಂಬರಿನಲ್ಲಿ 0.18, 2024ರ ಸೆಪ್ಟೆಂಬರಿನಲ್ಲಿ 0.09, 2042ರಲ್ಲಿ ದಟ್ಟ ನೆರಳು ತಾಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಚಂದ್ರ ದಾಟಿಹೋಗುತ್ತಾನೆ. ಇಂಥ ಸುಮಾರು ನಲವತ್ತು ಸರಣಿಗಳು ಒಂದರ ಮಗ್ಗುಲಲ್ಲಿ ಒಂದು ನಡೆಯುತ್ತಿರುವುದರಿಂದಲೇ ನಮಗೆ ಹದಿನೆಂಟು ವರ್ಷ ಕಾಯದೆ ಆಗಾಗ ಗ್ರಹಣ ಸಿಗುತ್ತದೆ.

ಮನೆಯಲ್ಲೇ ಲೆಕ್ಕ ಹಾಕುವವರು ಮೂರು ಕಡೆ ಎಡವುತ್ತಾರೆ. ಒಂದು, ತಾರೀಖು. 2008ರ ಗ್ರಹಣವನ್ನು ಎಲ್ಲರೂ ‘ಆಗಸ್ಟ್ 16ರ ರಾತ್ರಿಯದು’ ಎನ್ನುತ್ತಾರೆ, ಆದರೆ ಅದರ ಮಧ್ಯಕಾಲ ನಮ್ಮಲ್ಲಿ 17ರ ಬೆಳಗಿನ ಜಾವ 2:40. ಹದಿನಾರಕ್ಕೆ ಹನ್ನೊಂದು ಕೂಡಿಸಿದರೆ 27 ಬರುತ್ತದೆ, ತಪ್ಪು. 17ರ 2:40ಕ್ಕೆ 11 ದಿನ 7 ಗಂಟೆ 43 ನಿಮಿಷ ಕೂಡಿಸಿದರೆ 2026ರ ಆಗಸ್ಟ್ 28, ಬೆಳಿಗ್ಗೆ 10:23. ಎರಡು, ಸ್ಪರ್ಶಕ್ಕೋ (ಗ್ರಹಣ ಹಿಡಿಯುವ ಗಳಿಗೆ) ಮೋಕ್ಷಕ್ಕೋ ಕೂಡಿಸುವುದು. ಕಚ್ಚಿನ ಗಾತ್ರ ಬದಲಾದರೆ ಆ ಎರಡೂ ಬದಲಾಗುತ್ತವೆ, ಆದ್ದರಿಂದ ಯಾವಾಗಲೂ ಮಧ್ಯಕಾಲಕ್ಕೇ ಕೂಡಿಸಿ. ಮೂರು, ಬಂದ ಉತ್ತರವನ್ನು ನಿಮಿಷದವರೆಗೆ ನಂಬುವುದು. 2026ರ ನಿಜವಾದ ಮಧ್ಯಕಾಲ 9:43, ನಮ್ಮ ಕೈಲೆಕ್ಕಕ್ಕಿಂತ ನಲವತ್ತು ನಿಮಿಷ ಮೊದಲು. ಒಂದು ಗಂಟೆಯಷ್ಟು ಆಚೀಚೆ ಆಗುವುದು ಸಹಜ, ಏಕೆಂದರೆ ಸೂರ್ಯನೂ ಚಂದ್ರನೂ ವರ್ಷವಿಡೀ ಒಂದೇ ವೇಗದಲ್ಲಿ ಓಡುವುದಿಲ್ಲ. ಚಂದ್ರ ದಿಗಂತದ ಮೇಲಿದ್ದಾನೋ ಇಲ್ಲವೋ ಎಂದು ಹೇಳಲು ಈ ಕೈಲೆಕ್ಕ ಸಾಕು. ಬೆಳಿಗ್ಗೆ 9:43ಕ್ಕೆ ಮುಂಬೈಯಲ್ಲಿ ಹುಣ್ಣಿಮೆ ಚಂದ್ರ ಮುಳುಗಿ ಎಷ್ಟೋ ಹೊತ್ತಾಗಿರುತ್ತದೆ. ಆ ಸರಣಿ ನಮ್ಮ ರಾತ್ರಿಗೆ ಮರಳುವುದು 2062ರ ಸೆಪ್ಟೆಂಬರ್ 18–19ರ ನಡುರಾತ್ರಿ, ಖಗ್ರಾಸವಾಗಿ.

ಠಾಣೆಯಲ್ಲಿರುವ ನಮಗೆ ಒಂದು ಸ್ಪರ್ಶಕಾಲ, ಹುಬ್ಬಳ್ಳಿಯ ತಂಗಿಯ ಮನೆಯ ಪಂಚಾಂಗದಲ್ಲಿ ಇನ್ನೊಂದು. ಯಾವುದನ್ನು ನಂಬಬೇಕು?
— ಓದುಗರು, ಠಾಣೆ

ಸೂರ್ಯಗ್ರಹಣದ ಸಮಯ ಊರಿಂದೂರಿಗೆ ಬೇರೆ. ಚಂದ್ರಗ್ರಹಣದ್ದು ಹಾಗಲ್ಲ. ಅಲ್ಲಿ ನೆರಳು ಚಂದ್ರನ ಮೇಲೆಯೇ ಬೀಳುವುದರಿಂದ, ಚಂದ್ರ ಯಾರಿಗೆಲ್ಲ ಕಾಣುತ್ತಾನೋ ಅವರೆಲ್ಲರಿಗೂ ಸ್ಪರ್ಶ ಒಂದೇ ಗಳಿಗೆಗೆ. ಠಾಣೆ, ಪಣಜಿ, ಹುಬ್ಬಳ್ಳಿ ಎಲ್ಲಕ್ಕೂ ಗಡಿಯಾರ ಒಂದೇ. ಊರಿಗೆ ತಕ್ಕಂತೆ ಬದಲಾಗುವುದು ಚಂದ್ರೋದಯ, ಚಂದ್ರಾಸ್ತ. ಗ್ರಹಣ ಹಿಡಿದೇ ಚಂದ್ರ ಹುಟ್ಟುವ ದಿನ ಪಂಚಾಂಗದವರು ಚಂದ್ರೋದಯವನ್ನೇ ಆರಂಭವೆಂದು ಹಾಕಿರುತ್ತಾರೆ, ಆಗ ಅಂಕಿ ಬೇರೆಯಾಗುತ್ತದೆ.

ಚಂದ್ರ ಮೇಲಿದ್ದಾಗಲೂ ಒಂದೆರಡು ನಿಮಿಷದ ವ್ಯತ್ಯಾಸ ಕಂಡರೆ ಅದಕ್ಕೆ ಬೇರೆ ಕಾರಣವಿದೆ. ಭೂಮಿಯ ನೆರಳಿಗೆ ಚೂಪಾದ ಅಂಚಿಲ್ಲ, ವಾಯುಮಂಡಲ ಅದನ್ನು ತುಸು ಹಿಗ್ಗಿಸುತ್ತದೆ. ಎಷ್ಟು ಹಿಗ್ಗಿಸಬೇಕು ಎನ್ನುವುದರಲ್ಲಿ ಎರಡು ಪದ್ಧತಿಗಳು ಬಳಕೆಯಲ್ಲಿವೆ. ಹಳೆಯದು ನೆರಳನ್ನು ಐವತ್ತರಲ್ಲಿ ಒಂದು ಪಾಲು ದೊಡ್ಡದು ಮಾಡುತ್ತದೆ, ಇನ್ನೊಂದು ಅದಕ್ಕಿಂತ ಕಡಿಮೆ. ದೊಡ್ಡ ಗ್ರಹಣದಲ್ಲಿ ಇದು ಗಮನಕ್ಕೇ ಬರುವುದಿಲ್ಲ. 2013ರ ಏಪ್ರಿಲಿನದರಂಥ ತೀರ ಚಿಕ್ಕ ಗ್ರಹಣದಲ್ಲಿ ಎದ್ದು ಕಾಣುತ್ತದೆ: ಅದರ ಗ್ರಾಸಮಾನ 0.015, ಒಟ್ಟು ಅವಧಿ ಅರ್ಧ ಗಂಟೆಯೊಳಗೆ. ವ್ಯತ್ಯಾಸ ಹತ್ತು ಹದಿನೈದು ನಿಮಿಷ ದಾಟಿದರೆ ಮಾತ್ರ ಆ ಪಂಚಾಂಗ ಹಳೆಯ ಸಿದ್ಧಾಂತದ ಸ್ಥಿರಾಂಕಗಳಿಂದಲೇ ಗಣಿಸುತ್ತಿದೆಯೇ ಎಂದು ಮುನ್ನುಡಿಯಲ್ಲಿ ನೋಡಿ. ದೃಗ್ಗಣಿತದ, ಅಂದರೆ ಕಣ್ಣಿಗೆ ಕಾಣುವುದಕ್ಕೆ ತಾಳೆ ಹಾಕಿ ಗಣಿಸಿದ, ಪಂಚಾಂಗವಾದರೆ ಆಕಾಶಕ್ಕೆ ಹೊಂದುತ್ತದೆ.

ಮಗಳ ಶಾಲೆಗೆ ಖಂಡಗ್ರಾಸ ಗ್ರಹಣದ ಮಾದರಿ ಮಾಡಬೇಕು. ಚೆಂಡು, ಟಾರ್ಚು ಇಟ್ಟು ಮಾಡಿದರೆ ಎಲ್ಲವೂ ಖಗ್ರಾಸವೇ ಆಗುತ್ತಿದೆ.
— ಓದುಗರು, ಪುಣೆ

ಟಾರ್ಚು ಹತ್ತಿರವಿದ್ದರೆ ನೆರಳು ಚೆಂಡಿಗಿಂತ ದೊಡ್ಡದಾಗಿಬಿಡುತ್ತದೆ, ನಿಜದಲ್ಲಿ ಅದು ಕಿರಿದಾಗುತ್ತ ಹೋಗಬೇಕು. ಟಾರ್ಚು ಬಿಡಿ, ಬಿಳಿ ರಟ್ಟು, ಕೈವಾರ, ಕತ್ತರಿ ಸಾಕು. ಒಂದು ಸೆಂಟಿಮೀಟರ್ ಅಂದರೆ ಸಾವಿರ ಕಿಲೋಮೀಟರ್ ಎಂದಿಟ್ಟುಕೊಳ್ಳಿ.

ರಟ್ಟಿನ ನಡುವೆ 4.6 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು ಕಪ್ಪು ಬಳಿಯಿರಿ. ಇದು ಚಂದ್ರನ ದೂರದಲ್ಲಿ ಭೂಮಿಯ ದಟ್ಟ ನೆರಳು. ಅದೇ ಕೇಂದ್ರದಿಂದ 8.2 ಸೆಂ.ಮೀ. ತ್ರಿಜ್ಯದ ಇನ್ನೊಂದು ವೃತ್ತ ಎಳೆದು ತಿಳಿಬೂದು ಬಣ್ಣ ಕೊಡಿ. ಇದು ಅರೆನೆರಳು. ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ 3.5 ಸೆಂ.ಮೀ. ವ್ಯಾಸದ ಚಂದ್ರನನ್ನು ಕತ್ತರಿಸಿ, ನಡುವೆ ಚುಕ್ಕೆ ಇಡಿ.

ಈಗ 2028ರ ಜುಲೈ 6ರ ಗ್ರಹಣ ತೆಗೆದುಕೊಳ್ಳಿ. ಗ್ರಾಸಮಾನ 0.389. ಅಂದರೆ ಚಂದ್ರನ ವ್ಯಾಸದಲ್ಲಿ ಅಷ್ಟು ಪಾಲು, 1.36 ಸೆಂ.ಮೀ., ಕಪ್ಪಿನೊಳಗೆ ಹೋಗುತ್ತದೆ. ನೆರಳಿನ ತ್ರಿಜ್ಯ 4.6, ಚಂದ್ರನ ತ್ರಿಜ್ಯ 1.75, ಎರಡನ್ನೂ ಕೂಡಿಸಿ 1.36 ಕಳೆಯಿರಿ: 4.99. ಕೇಂದ್ರದಿಂದ ಐದು ಸೆಂ.ಮೀ. ದೂರದಲ್ಲಿ ಒಂದು ನೇರ ಗೆರೆ ಎಳೆದು, ಚಂದ್ರನ ನಡುಚುಕ್ಕೆ ಆ ಗೆರೆಯ ಮೇಲೆಯೇ ಇರುವಂತೆ ಸರಿಸಿ. ಮಕ್ಕಳು ಚಂದ್ರನ ಅಂಚನ್ನು ಗೆರೆಗೆ ಹೊಂದಿಸಿಬಿಡುತ್ತಾರೆ, ಆಗ ಗ್ರಹಣ ದೊಡ್ಡದೋ ಚಿಕ್ಕದೋ ಆಗಿ ಕೆಡುತ್ತದೆ.

ಸಮಯವನ್ನೂ ಇದರಿಂದಲೇ ತೆಗೆಯಬಹುದು. ಕೈವಾರವನ್ನು 6.35ಕ್ಕೆ ಹಿಗ್ಗಿಸಿ ಕೇಂದ್ರದಿಂದ ಗೆರೆಯನ್ನು ಎರಡು ಕಡೆ ಕತ್ತರಿಸಿ. ಆ ಎರಡು ಬಿಂದುಗಳೇ ಸ್ಪರ್ಶ, ಮೋಕ್ಷ. ನಡುವಿನ ಅಂತರ ಸುಮಾರು 7.85 ಸೆಂ.ಮೀ. ನೆರಳಿಗೆ ಹೋಲಿಸಿದರೆ ಚಂದ್ರ ಗಂಟೆಗೆ 3,400 ಕಿ.ಮೀ. ಸರಿಯುತ್ತಾನೆ, ನಮ್ಮ ರಟ್ಟಿನಲ್ಲಿ 3.4 ಸೆಂ.ಮೀ. ಭಾಗಿಸಿದರೆ 2 ಗಂಟೆ 19 ನಿಮಿಷ. ನಿಜವಾದ ಅವಧಿ ಇದಕ್ಕಿಂತ ಒಂದೆರಡು ನಿಮಿಷ ಹೆಚ್ಚು, ಅಷ್ಟೇ. ಶಾಲೆಯ ರಟ್ಟಿನಿಂದ ಇಷ್ಟು ನಿಖರ ಉತ್ತರ ಬರುವುದನ್ನು ಮಗಳೇ ಕೈಯಾರೆ ಮಾಡಿ ನೋಡಲಿ.

ಗ್ರಾಸಮಾನ 0.5 ಆದರೆ ಅರ್ಧ ಚಂದ್ರ ಮುಚ್ಚಿತು ಎಂದು ಪತ್ರಿಕೆಗಳಲ್ಲೂ ಬರುತ್ತದೆ. ಅದು ಸರಿಯಲ್ಲ. ಅಂಕಿ ಇರುವುದು ವ್ಯಾಸದ್ದು. ನೆರಳಿನ ಅಂಚು ಚಂದ್ರನ ಕಡೆಗೆ ಉಬ್ಬಿರುವುದರಿಂದ ಆಗ ಮುಚ್ಚುವುದು ಬಿಂಬದ ನೂರರಲ್ಲಿ ಸುಮಾರು 46 ಪಾಲು. ಚಂದ್ರನ ಹಾಳೆಯ ಹಿಂದೆ ಗ್ರಾಫ್ ಕಾಗದ ಅಂಟಿಸಿ ಚೌಕ ಎಣಿಸಿದರೆ ಮಕ್ಕಳಿಗೆ ಇದು ಕಣ್ಣಿಗೇ ಕಾಣುತ್ತದೆ.

ಗೋವಾದಲ್ಲಿ ಗ್ರಹಣ ಬಂದಾಗಲೆಲ್ಲ ಮಳೆ, ಮೋಡ. ಇದು ನಮ್ಮ ಅದೃಷ್ಟವೋ, ಲೆಕ್ಕವೋ?
— ಓದುಗರು, ವಾಸ್ಕೊ

ಒಂದು ಮಟ್ಟಿಗೆ ಲೆಕ್ಕವೇ. 2017ರ ಆಗಸ್ಟ್ 7, 2019ರ ಜುಲೈ 17ರ ಬೆಳಗಿನ ಜಾವ, 2025ರ ಸೆಪ್ಟೆಂಬರ್ 7: ನಮ್ಮ ಆಕಾಶದಲ್ಲಿ ಹಿಡಿದ ಒಳ್ಳೆಯ ಗ್ರಹಣಗಳು ಮೋಡದ ತಿಂಗಳುಗಳಲ್ಲೇ ಬಂದವು. ಒಂದು ಸರಣಿ ಪ್ರತಿ ಸಲ ಹತ್ತು ಹನ್ನೊಂದು ದಿನ ಮಾತ್ರ ಮುಂದೆ ಹೋಗುವುದರಿಂದ ಮಳೆಗಾಲಕ್ಕೆ ಸಿಕ್ಕಿದ ಸರಣಿ ಬೇಗ ಹೊರಗೆ ಬರುವುದಿಲ್ಲ. ಮೇಲೆ ಹೇಳಿದ ಜುಲೈ 6ರದ್ದೇ ನೋಡಿ: 2010ರಲ್ಲಿ ಜೂನ್ 26, 2028ರಲ್ಲಿ ಜುಲೈ 6, 2046ರಲ್ಲಿ ಜುಲೈ 18. ಅಕ್ಟೋಬರಿನ ನಡುವಿಗೆ ಬರಲು ಅದಕ್ಕೆ ಇನ್ನೂ ನೂರೈವತ್ತಕ್ಕಿಂತ ಹೆಚ್ಚು ವರ್ಷ ಬೇಕು. ಆದರೆ ಗ್ರಹಣಗಳ ಋತು ವರ್ಷ ವರ್ಷವೂ ಸುಮಾರು 19 ದಿನ ಹಿಂದೆ ಸರಿಯುವುದರಿಂದ ಬೇರೆ ಸರಣಿಗಳು ಚಳಿಗಾಲಕ್ಕೆ ಬಂದೇ ಬರುತ್ತವೆ.

2028ರ ಜುಲೈ 6ರಂದು ಸ್ಪರ್ಶ ರಾತ್ರಿ ಸುಮಾರು 10:40, ಮಧ್ಯ 11:49, ಮೋಕ್ಷ ಒಂದು ಗಂಟೆಯ ಸುಮಾರಿಗೆ. ಚಂದ್ರ ದಕ್ಷಿಣಕ್ಕೆ ಅರ್ಧ ಎತ್ತರದಲ್ಲಿರುತ್ತಾನೆ. ಮೋಡ ಒಡೆಯುವ ಆಸೆಯಿದ್ದರೆ ದಕ್ಷಿಣ ತೆರೆದ ಜಾಗ ಹುಡುಕಿ. ಸಹ್ಯಾದ್ರಿಯ ಪೂರ್ವಕ್ಕಿರುವ ಪುಣೆಯ ಕಡೆ ಮಳೆ ಕರಾವಳಿಗಿಂತ ಕಡಿಮೆ, ಅಲ್ಲಿಗೆ ಹೋಗಲು ಸಾಧ್ಯವಿದ್ದವರು ಹೋಗಬಹುದು.

ಅದೇ ವರ್ಷದ ಡಿಸೆಂಬರ್ 31ನ್ನು ಮಾತ್ರ ಈಗಲೇ ಗುರುತು ಹಾಕಿಡಿ. ರಾತ್ರಿ 8:40ರ ಆಸುಪಾಸಿಗೆ ಖಂಡಗ್ರಾಸವಾಗಿ ಹಿಡಿದು, 9:46ರಿಂದ 10:57ರವರೆಗೆ ಪೂರ್ತಿ ಮುಳುಗಿ, ಮತ್ತೆ ಖಂಡಗ್ರಾಸವಾಗಿ ಬಿಡುತ್ತ, ಹನ್ನೆರಡು ಹೊಡೆದ ಮೇಲೆ ಕೆಲವು ನಿಮಿಷಕ್ಕೆ ಮೋಕ್ಷ. ನಡುರಾತ್ರಿಯ ಹೊತ್ತಿಗೆ ಚಂದ್ರ ನೆತ್ತಿಯ ಹತ್ತಿರ, ಕತ್ತೆತ್ತಿ ನಿಂತರೆ ನೋಯುತ್ತದೆ, ಚಾಪೆ ಹಾಸಿ ಮಲಗಿ ನೋಡಬೇಕು. ಇದರಲ್ಲೇ ಇನ್ನೊಂದು ಆವರ್ತವೂ ಇದೆ. 2009ರ ಡಿಸೆಂಬರ್ 31ರ ರಾತ್ರಿಯೂ, ಅಂದರೆ ಹತ್ತೊಂಬತ್ತು ವರ್ಷ ಹಿಂದೆ, ಅದೇ ತಾರೀಖಿಗೆ 0.08ರ ಚಿಕ್ಕ ಖಂಡಗ್ರಾಸವಿತ್ತು. 235 ಹುಣ್ಣಿಮೆಗಳೆಂದರೆ ಹತ್ತಿರ ಹತ್ತಿರ ಪೂರ್ತಿ 19 ವರ್ಷ, ಪಂಚಾಂಗದಲ್ಲಿ 19 ವರ್ಷಕ್ಕೆ ಏಳು ಅಧಿಕ ಮಾಸ ಬರುವುದೂ ಇದೇ ಲೆಕ್ಕದಿಂದ. ಈ ಆವರ್ತ ತಾರೀಖನ್ನು ಕಾಪಾಡುತ್ತದೆ, ಗ್ರಹಣದ ಸ್ವರೂಪವನ್ನಲ್ಲ. ಪ್ರತಿ ಸಲ ಪಾತದಿಂದ ಏಳು ಡಿಗ್ರಿಗೂ ಹೆಚ್ಚು ಸರಿದುಹೋಗುವುದರಿಂದ ನಾಲ್ಕೈದು ಸಲಕ್ಕೆ ಗ್ರಹಣವೇ ನಿಂತುಹೋಗುತ್ತದೆ.

‘ಛಾಯಾ ಚಂದ್ರಗ್ರಹಣ’ ಎಂದು ಬಂದ ರಾತ್ರಿ ಏನೂ ಕಾಣುವುದಿಲ್ಲವಲ್ಲ? ಬರಿಗಣ್ಣಿನಿಂದ ನೋಡುವುದು ಅಪಾಯವೇ?
— ಓದುಗರು, ಭಾಂಡುಪ್

ಅಪಾಯ ಖಂಡಿತ ಇಲ್ಲ. ಅದು ಹುಣ್ಣಿಮೆಯ ಬೆಳಕೇ, ಇನ್ನೂ ಮಂಕಾಗಿದೆ ಅಷ್ಟೇ. ಸೂರ್ಯಗ್ರಹಣದ ಕನ್ನಡಕ ಹಾಕಿದರೆ ಚಂದ್ರನೇ ಕಾಣುವುದಿಲ್ಲ. ಛಾಯಾ ಗ್ರಹಣವೆಂದರೆ ಅರೆನೆರಳಿನ ಗ್ರಹಣವೇ. ಅರೆನೆರಳಿನಲ್ಲಿ ಚಂದ್ರ ಮುಕ್ಕಾಲು ಪಾಲು ಮುಳುಗುವವರೆಗೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆಮೇಲೂ ಒಂದು ಬದಿ ಹೊಗೆ ಹಿಡಿದಂತೆ ಕಂಡೀತು.

ಕ್ಯಾಮೆರಾದಲ್ಲಿ ತೆಗೆದರೆ ಒಂದೋ ಬೆಳಗುವ ಭಾಗ ಬಿಳಿ ಹೊಡೆಯುತ್ತದೆ, ಇಲ್ಲವೇ ನೆರಳು ಬರಿ ಕಪ್ಪು. ಕೆಂಪು ಯಾವಾಗ ಬರುತ್ತದೆ?
— ಓದುಗರು, ಪಿಂಪ್ರಿ

ಎರಡು ಭಾಗಗಳ ಬೆಳಕಿನ ನಡುವೆ ಸಾವಿರ ಪಟ್ಟಿಗೂ ಮೀರಿದ ಅಂತರವಿದೆ, ಒಂದೇ ಚಿತ್ರದಲ್ಲಿ ಎರಡೂ ಬರುವುದಿಲ್ಲ. ಬೆಳಗುವ ಭಾಗಕ್ಕೆ ಎಫ್ 11, ಐಎಸ್ಒ 200 ಇಟ್ಟು ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲಿನಿಂದ ಶುರು ಮಾಡಿ. ನೆರಳಿನ ಬಣ್ಣ ಬೇಕಾದರೆ ಎಫ್ 5.6, ಐಎಸ್ಒ 800ಕ್ಕೆ ಏರಿಸಿ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ. ಅದಕ್ಕಿಂತ ಹೆಚ್ಚು ತೆರೆದರೆ 300 ಮಿ.ಮೀ. ಲೆನ್ಸಿನಲ್ಲಿ ಚಂದ್ರ ಸರಿದು ಅಂಚು ಮಸುಕಾಗುತ್ತದೆ. ಆ ಲೆನ್ಸಿನಲ್ಲಿ ಬಿಂಬದ ಗಾತ್ರ 2.7 ಮಿ.ಮೀ. ಮಾತ್ರ: ಫೋಕಲ್ ಉದ್ದವನ್ನು 110ರಿಂದ ಭಾಗಿಸಿದರೆ ಬಿಂಬದ ಗಾತ್ರ ಸಿಗುತ್ತದೆ. ಟ್ರೈಪಾಡ್ ಇರಲಿ, ಗುಂಡಿ ಒತ್ತದೆ ಎರಡು ಸೆಕೆಂಡಿನ ಟೈಮರ್ ಬಳಸಿ.

ಭೂಮಿಯ ವಾಯುಮಂಡಲದಲ್ಲಿ ಬಾಗಿ ಬಂದ ಕೆಂಪು ಬೆಳಕು ನೆರಳಿನಲ್ಲಿ ಮೊದಲಿನಿಂದಲೂ ಇರುತ್ತದೆ. ಪಕ್ಕದ ಬೆಳಗುವ ಭಾಗದ ಪ್ರಖರತೆಯಲ್ಲಿ ಅದು ಬೂದಿಯಂತೆ ಕಾಣುತ್ತದೆ. ಮುಕ್ಕಾಲು ಪಾಲು ಮುಚ್ಚಿದ ಮೇಲೆ ಇಟ್ಟಿಗೆ ಬಣ್ಣ ಕಣ್ಣಿಗೂ ತೋರತೊಡಗುತ್ತದೆ. ಕಡಿಮೆ ಮುಚ್ಚಿದ್ದರೆ ಬೆಳಗುವ ಭಾಗವನ್ನು ಕಟ್ಟಡದ ಅಂಚಿಗೆ ಮರೆಮಾಡಿ ದುರ್ಬೀನಿನಲ್ಲಿ ನೋಡಿ, ಬಣ್ಣ ಥಟ್ಟನೆ ಕಾಣುತ್ತದೆ.

ಬರಿ ನೋಡುವುದಲ್ಲದೆ ಉಪಯೋಗಕ್ಕೆ ಬರುವ ವೀಕ್ಷಣೆ ಏನಾದರೂ ಮಾಡಬಹುದೇ? ಮನೆಯಲ್ಲಿ 10×50 ದುರ್ಬೀನಿದೆ.
— ಓದುಗರು, ಮಾಟುಂಗ

ಧಾರಾಳವಾಗಿ. ಚಂದ್ರನ ಕುಳಿಗಳನ್ನು ನೆರಳಿನ ಅಂಚು ದಾಟುವ ಗಳಿಗೆಯನ್ನು ಬರೆದಿಡಿ. ವಾಯುಮಂಡಲ ನೆರಳನ್ನು ಎಷ್ಟು ಹಿಗ್ಗಿಸುತ್ತದೆ ಎಂಬುದನ್ನು ಲೆಕ್ಕ ಹಾಕಿದ್ದು ಇಂಥ ದಾಖಲೆಗಳಿಂದಲೇ. ದುರ್ಬೀನನ್ನು ಸ್ಟ್ಯಾಂಡಿಗೆ ಬಿಗಿಯಿರಿ. ಮೊದಲೇ ಎರಡು ಹುಣ್ಣಿಮೆಗಳಲ್ಲಿ ಗ್ರಿಮಾಲ್ಡಿ, ಅರಿಸ್ಟಾರ್ಕಸ್, ಕೋಪರ್ನಿಕಸ್, ಪ್ಲೇಟೊ, ಟೈಕೊ ಇವನ್ನು ಗುರುತಿಸುವ ಅಭ್ಯಾಸ ಮಾಡಿಕೊಳ್ಳಿ. ನೆರಳು ಹಿಡಿಯುವುದು ಚಂದ್ರನ ಪೂರ್ವದ ಅಂಚಿನಿಂದ, ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎಡಗಡೆಯಿಂದ. ಖಗ್ರಾಸದ ದಿನ ಗ್ರಿಮಾಲ್ಡಿಗೆ ಮೊದಲ ಸರದಿ. 2028ರ ಜುಲೈನಲ್ಲಿ ಮುಳುಗುವುದು ಉತ್ತರದ ಭಾಗ ಮಾತ್ರ, ಟೈಕೊ ಬೆಳಕಿನಲ್ಲೇ ಉಳಿಯುತ್ತದೆ.

ಅಂಚು ಮಸುಕಾಗಿರುತ್ತದೆ, ಕಪ್ಪು ಎಲ್ಲಿಂದ ಶುರುವಾಯಿತು ಎನ್ನುವುದು ಕಣ್ಣಿನಿಂದ ಕಣ್ಣಿಗೆ ಬೇರೆ. ಆದ್ದರಿಂದ ಇಡೀ ರಾತ್ರಿ ಒಬ್ಬರೇ ನೋಡಬೇಕು, ಇನ್ನೊಬ್ಬರು ಫೋನಿನ ಗಡಿಯಾರ ನೋಡಿ ಐದು ಸೆಕೆಂಡಿನ ಮಟ್ಟಿಗೆ ಸಮಯ ಬರೆಯಬೇಕು. ಕೋಪರ್ನಿಕಸಿನಂಥ ದೊಡ್ಡ ಕುಳಿಗೆ ಎರಡು ಅಂಚಿನ ಸಮಯ ತೆಗೆದು ಸರಾಸರಿ ಮಾಡಿ. ಫೋನಿನ ಪರದೆಯನ್ನು ಪೂರ್ತಿ ಮಂದ ಮಾಡಿ, ಇಲ್ಲವಾದರೆ ಪ್ರತಿ ಸಲ ಕಣ್ಣು ಕತ್ತಲಿಗೆ ಮತ್ತೆ ಹೊಂದುವಷ್ಟರಲ್ಲಿ ಮುಂದಿನ ಕುಳಿ ದಾಟಿಹೋಗಿರುತ್ತದೆ. ಬಿಡುವಾಗಲೂ ಅದೇ ಕುಳಿಗಳು ಹೊರಬರುವ ಸಮಯ ಬರೆಯಿರಿ. ಒಳಗೆ ಹೋದ ಸಮಯ ಮಾತ್ರ ಇದ್ದರೆ ನಿಮ್ಮ ಕಣ್ಣು ಅಂಚನ್ನು ಎಷ್ಟು ಮುಂಚೆ ಅಥವಾ ತಡವಾಗಿ ಗುರುತಿಸುತ್ತದೆ ಎಂದು ತಾಳೆ ನೋಡಲು ದಾರಿ ಇರುವುದಿಲ್ಲ.